ತೋರಿಸುವ ಕಾಯಿ, ಕಳಿಸುವ ಕಾಯಿ

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಆಯುಷ್ಯವೆಲ್ಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು ನಾನು. ಆಮೇಲೆ ನನ್ನ ಇಂಗ್ಲಿಷಿಗೆ ಉಳಿದ ಕೆಲಸವೆಂದರೆ ಯಜಮಾನರ ಔಷಧಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವುದೊಂದೇ. ಹೀಗಿರುವಾಗ ಕೆಲವು ವರ್ಷಗಳ ಹಿಂದೆ, ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದ ದಿನಗಳಲ್ಲಿ, ಬ್ಯಾಡಗಿಯಿಂದ ತಮ್ಮನ ಫೋನ್ ಬಂತು.

"ಅಕ್ಕಾ, ನಿನ್ನ ಇಂಗ್ಲಿಷ್ ಬೇಕಾಗೈತಿ ನೋಡು."

"ಎಷ್ಟು ಕ್ವಿಂಟಲ್ ಬೇಕೋ?" ಎಂದೆ.

ಅವನು ನಗಲಿಲ್ಲ. ನನ್ನ ಚೇಷ್ಟೆಗೆ ನಗದಷ್ಟು ಗಂಭೀರವಾಗಿದ್ದಾನೆಂದರೆ ಸಂಗತಿ ದೊಡ್ಡದೇ ಇರಬೇಕು ಎಂದುಕೊಂಡು ನಾನೂ ಬಾಯಿ ಮುಚ್ಚಿ ಕೇಳಿಸಿಕೊಂಡೆ.

ತಮ್ಮನದು ಅಪ್ಪನ ಕಾಲದಿಂದ ಬಂದ ದಲಾಲಿ ಅಂಗಡಿ. ರೈತರು ಮೆಣಸಿನಕಾಯಿ ತಂದು ಅವನಲ್ಲಿ ಇಳಿಸುತ್ತಾರೆ, ಅವನು ಅದನ್ನು ಖರೀದಿದಾರರಿಗೆ ಮಾರಿಸಿ ತನ್ನ ದಲಾಲಿ ಹಿಡಿದುಕೊಳ್ಳುತ್ತಾನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಬರೀ 'ಕಾಯಿ' ಎನ್ನುತ್ತಾರೆ, ಲೋಕದಲ್ಲಿ ಬೇರೆ ಕಾಯಿಯೇ ಇಲ್ಲವೆಂಬಂತೆ. ನಮ್ಮ ಕಾಯಿ ದೇಶ ದೇಶಕ್ಕೆ ಹೋಗುತ್ತದೆ, ಆದರೆ ನಡುವೆ ಯಾರ್ಯಾರದೋ ಹೆಸರು ಹೊತ್ತು ಹೋಗುತ್ತದೆ. ಒಮ್ಮೆಯಾದರೂ ನೇರವಾಗಿ ಕಳಿಸಬೇಕೆಂಬುದು ಅವನ ಬಹಳ ದಿನದ ಆಸೆ. ಹಾಲೆಂಡಿನ ಒಂದು ಮಸಾಲೆ ಕಂಪನಿಯವರು ಪತ್ರ ಬರೆದು, ಬಣ್ಣಕ್ಕೆ ಹೆಸರಾದ ಡಬ್ಬಿ ಎಂಬ ತಳಿಯ ಕಾಯಿ ಬೇಕು, ಅದರಲ್ಲಿ ಕೀಟನಾಶಕದ ಅಂಶ ಇರಬಾರದು ಎಂದು ಕೇಳಿದಾಗ ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ತಕ್ಷಣ ಗುತ್ತಲದ ಕಡೆಯ ಕೆಲವು ರೈತ ಮನೆಗಳನ್ನು ಹಿಡಿದು ಮಾತಾಡಿದ. ಅವರು ಇವನ ಮಾತು ಕೇಳಿ ಔಷಧಿ ಹೊಡೆಯದೆ, ಬೇವಿನೆಣ್ಣೆ ಅದು ಇದು ಎಂದು ಹೇಗೋ ಬೆಳೆ ಕಾಯ್ದುಕೊಂಡರು. ಪಕ್ಕದ ಹೊಲದವರ ಇಳುವರಿ ಇವರಿಗೆ ಬರಲಿಲ್ಲ. ಆಮೇಲೆ ಮಾರುಕಟ್ಟೆಯಲ್ಲಿ ದರ ಏರಿದಾಗಲೂ ಮಾರಲಿಲ್ಲ, ಏಕೆಂದರೆ ಇವನು "ಪರದೇಶದಾಕಿ ಬರಾಕತ್ತಾಳ, ಒಂದೀಟು ತಡೀರಿ" ಎಂದಿದ್ದ. ಅವಳು ಒಲ್ಲೆನೆಂದರೆ ಆ ಕಾಯಿ ಉಳಿದ ಕಾಯಿಯ ಸಾಲಿನಲ್ಲೇ ಹೋಗಿ ಕೂರಬೇಕು. ಔಷಧಿ ಹೊಡೆದಿಲ್ಲ ಎಂದು ಬ್ಯಾಡಗಿಯಲ್ಲಿ ಯಾರೂ ಹೆಚ್ಚಿಗೆ ಕೊಡುವುದಿಲ್ಲ. ದರವೂ ಆಗಲೇ ಇಳಿಯತೊಡಗಿತ್ತು. ನನ್ನ ತಮ್ಮನ ಬಂಡವಾಳವೆಂದರೆ ಅವನ ಮಾತೊಂದೇ ಎಂದು ನಾನು ಸದಾ ಅವನನ್ನು ಕಾಡಿಸುತ್ತಿದ್ದೆ. ಈಗ ಅದೇ ಪಣಕ್ಕೆ ಬಿದ್ದಿತ್ತು.

ಬರುವಾಕೆ ಆ ಕಂಪನಿಯ ಒಡತಿ. ಅವಳ ಅಜ್ಜ ಕಟ್ಟಿದ ಕಂಪನಿಯಂತೆ. ಬರುವ ಮೊದಲೇ ಎರಡು ದಿನದ ಕಾರ್ಯಕ್ರಮ ಕಳಿಸಿದ್ದಳು. ಎಷ್ಟು ಹೊತ್ತಿಗೆ ಅಂಗಡಿ, ಎಷ್ಟು ಹೊತ್ತಿಗೆ ಗೋದಾಮು, ಎಷ್ಟು ಹೊತ್ತಿಗೆ ಗುತ್ತಲ, ಮರುದಿನ ಬೆಳಿಗ್ಗೆ ಸಮಾರೋಪ ಸಭೆ, ಎಲ್ಲಾ ಅದರಲ್ಲಿತ್ತು. ಪರಿಚಯಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದಳು. ನಾನು ಓದಿ ಹೇಳಿದಾಗ ತಮ್ಮ ಕಂಗಾಲಾದ.

"ಇಪ್ಪತ್ತು ಮಿನಿಟ್ನ್ಯಾಗ ಎಂಥಾ ಪರಿಚಯ ಅಕ್ಕಾ? ಊರು ಯಾವುದು, ಮನಿತನ ಯಾವುದು, ಬೀಗರು ಎಲ್ಲಿಯವರು ಅನ್ನೂದರಾಗ ಮಧ್ಯಾಹ್ನ ಆಗ್ತೈತಿ."

"ಅವರಿಗೆ ನಿನ್ನ ಬೀಗರು ಬ್ಯಾಡೋ, ಕಾಯಿ ಬೇಕು," ಎಂದೆ.

"ಬೀಗರನ್ನ ಕೇಳದ ಯಾರ್ ಕೂಡಾನೂ ವ್ಯಾಪಾರ ಮಾಡಿಲ್ಲ ನಾ," ಎಂದು ಗೊಣಗಿದ.

ಆಕೆ ರಾಣೆಬೆನ್ನೂರಿನ ಲಾಡ್ಜಿನಲ್ಲಿ ಇಳಿದಳು. ಬೆಳಿಗ್ಗೆ ನಾನು ಕರೆದುಕೊಂಡು ಹೋಗಲು ಬಂದರೆ ಅವಳಾಗಲೇ ಬಾಗಿಲ ಹೊರಗೆ ನಿಂತಿದ್ದಳು. ಐವತ್ತರ ಆಸುಪಾಸು, ಗಿಡ್ಡ ಕತ್ತರಿಸಿದ ನರೆಗೂದಲು, ಹೆಗಲಿಗೆ ಹಳೆಯ ಚೀಲ, ಕಾಲಲ್ಲಿ ನಮ್ಮೂರ ಮಾಸ್ತರರು ಹಾಕುವಂಥ ಚಪ್ಪಲಿ. ಇಷ್ಟು ದೊಡ್ಡ ಸಾಹುಕಾರ್ತಿಯ ಮೈಮೇಲೆ ಒಂದು ಗುಂಜಿ ಬಂಗಾರವಿಲ್ಲವಲ್ಲ ಎಂದು ನನಗೆ ಕೆಡುಕೆನಿಸಿತು. ಮಾತು ಮಾತ್ರ ಕಡ್ಡಿ ಮುರಿದಂತೆ. "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಆದರೆ ಬಹಳ ಉದ್ದುದ್ದ ಮಾತಾಡುತ್ತೀರಿ," ಎಂದು ಕಾರು ಮೋಟೆಬೆನ್ನೂರು ಮುಟ್ಟುವ ಮೊದಲೇ ಹೇಳಿದಳು. ಮೂರು ತಲೆಮಾರಿನ ವಿದ್ಯಾರ್ಥಿಗಳು ಹೇಳಲು ಹೆದರಿದ್ದನ್ನು ಈಕೆ ಅರ್ಧ ಗಂಟೆಯಲ್ಲಿ ಹೇಳಿದಳು. ಕೋಪ ಬಂದರೂ ಒಳಗೊಳಗೇ ನಗು ಬಂತು.

ಅಂಗಡಿಯಲ್ಲಿ ತಮ್ಮ ಅವಳಿಗೆಂದೇ ಹೊಸ ಕುರ್ಚಿ ತರಿಸಿದ್ದ. ಆಕೆ ಅದನ್ನು ಬಿಟ್ಟು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ತಮ್ಮನ ಮುಖ ಅರಳಿತು. ಹಾವೇರಿಯಿಂದ ತರಿಸಿದ್ದ ಏಲಕ್ಕಿ ಹಾರವನ್ನು ಅವಳ ಕೊರಳಿಗೆ ಹಾಕಿಸಿದ. ಅವಳು ಅದನ್ನು ಮೂಸಿ ನೋಡಿ, ಕಣ್ಣು ಮುಚ್ಚಿ, ಬಹಳ ಸಂತೋಷಪಟ್ಟು ಕೇಳಿದ ಮೊದಲ ಪ್ರಶ್ನೆ: "ಇದರ ಬೆಲೆ ಎಷ್ಟು?"

ಉಡುಗೊರೆಗೆ ಅವರ ಕಂಪನಿಯಲ್ಲಿ ಒಂದು ಮಿತಿ ಇದೆಯಂತೆ, ಅದನ್ನು ಮೀರಿದರೆ ತೆಗೆದುಕೊಳ್ಳುವಂತಿಲ್ಲವಂತೆ. ತಮ್ಮನಿಗೆ ಇದನ್ನು ಹೇಳಿದೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಅವನ ಹೆಂಡತಿ, "ಮನಿಗೆ ಬಂದಾಕಿಗೆ ಹಾಕಿದ ಹಾರಕ್ಕ ರೇಟ್ ಹೇಳ್ತಾರೇನ್ರಿ ಅಕ್ಕಾರ?" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕೊನೆಗೆ ತಮ್ಮ ಏನೋ ಒಂದು ಸಣ್ಣ ಮೊತ್ತ ಹೇಳಿದ. ಅದು ಸುಳ್ಳೆಂದು ನನಗೂ ಗೊತ್ತಿತ್ತು, ಅವಳಿಗೂ ಅನುಮಾನ ಬಂದಿರಬೇಕು, ಆದರೆ ಹಾರ ಕೊರಳಲ್ಲೇ ಉಳಿಯಿತು.

ಆಮೇಲೆ ತಮ್ಮ ತನ್ನ ಪರಿಚಯ ಶುರು ಮಾಡಿದ. "ಮಕ್ಕಳೆಷ್ಟು ಕೇಳು."

"ಅವರ ಕಡೆ ಹಂಗೆಲ್ಲಾ ಕೇಳೂದಿಲ್ಲೋ."

"ಮತ್ತೇನ್ ಕೇಳ್ಲಿ? ಮಳಿ ಬೆಳಿನಾ?"

ಕೇಳಿದೆ. ಮಕ್ಕಳಿಲ್ಲ, ಎರಡು ನಾಯಿಗಳಿವೆ, ಮದುವೆಯಾಗಿತ್ತು, ಈಗ ಇಲ್ಲ ಎಂದು ಆಕೆ ನಗುತ್ತಲೇ ಹೇಳಿದಳು. ತಮ್ಮನಿಗೆ ಎಷ್ಟು ಮರುಕ ಬಂತೆಂದರೆ ಕುಡಿದ ಚಹಾದ ಮೇಲೆ ಇನ್ನೊಂದು ಚಹಾ ತರಿಸಿದ. ಈಗ ಅವಳ ಸರದಿ. "ಕಳೆದ ವರ್ಷ ನಿಮ್ಮ ವ್ಯಾಪಾರದಲ್ಲಿ ಆದ ದೊಡ್ಡ ತಪ್ಪು ಯಾವುದು?" ಎಂದಳು. ತಮ್ಮ ನನ್ನ ಮುಖ ನೋಡಿದ. ಮಕ್ಕಳ ವಿಷಯ ಕೇಳಬಾರದಂತೆ, ನಷ್ಟದ ವಿಷಯ ಕೇಳಬಹುದಂತೆ! ನಮ್ಮಲ್ಲಿ ಇದು ಪೂರಾ ತಿರುಗಾಮುರುಗಾ. ಮಗಳ ಮದುವೆಯ ಮಾತನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ, ಅಂಗಡಿಯ ನಷ್ಟವನ್ನು ಹೆಂಡತಿಗೂ ಹೇಳುವುದಿಲ್ಲ. "ದೇವರ ದಯಾದಿಂದ ಎಲ್ಲಾ ಚಲೋ ಐತಿ ಅಂತ ಹೇಳು," ಎಂದ ತಮ್ಮ. ಆಕೆ ಕಾದಳು. ಇನ್ನೂ ಏನೋ ಹೇಳುವುದಿದೆ ಎಂದುಕೊಂಡಿದ್ದಳು, ಪಾಪ.

ಅಲ್ಲಿಂದ ಗೋದಾಮಿಗೆ ಹೋದೆವು. ಅಂಗಡಿಯ ಹಿಂದೆಯೇ ಅದು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಹಮಾಲರು, ಪರದೇಶದಾಕೆಯನ್ನು ನೋಡಲು ಬಂದ ಪಕ್ಕದ ಅಂಗಡಿಯವ, ಎಲ್ಲರೂ ಸೇರಿದ್ದರು. ನಡುವೆ, ತೋರಿಸಲೆಂದು ತಮ್ಮ ಗುತ್ತಲದಿಂದ ಕೊಂಡು ತಂದಿಟ್ಟ ಡಬ್ಬಿ ಕಾಯಿಯ ರಾಶಿ, ಕೆಂಪಗೆ, ಮಿರಮಿರ ಮಿಂಚುತ್ತ, ನೋಡಿದರೆ ನೋಡುತ್ತಲೇ ಇರಬೇಕು. ಆಕೆ ಒಂದು ಕಾಯಿ ತೆಗೆದು ಬಾಗಿಸಿದಳು. ಅದು ಮುರಿಯಲಿಲ್ಲ, ರಬ್ಬರಿನಂತೆ ಬಾಗಿತು. ಚೀಲದಿಂದ ತೇವ ಅಳೆಯುವ ಪುಟ್ಟ ಯಂತ್ರ ತೆಗೆದು ರಾಶಿಯಲ್ಲಿ ಚುಚ್ಚಿ ನೋಡಿದಳು. ಮತ್ತೊಂದು ಕಡೆ ಚುಚ್ಚಿದಳು. ತಲೆ ಎತ್ತಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

"ಇದಕ್ಕೆ ನೀರು ಹೊಡೆದಿದ್ದಾರೆ. ಯಾರು ಹೊಡೆದರು?"

ಅದನ್ನು ಕನ್ನಡಕ್ಕೆ ತರಲು ನನ್ನ ನಾಲಿಗೆ ಏಳಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ವಾಟರ್ ಎಂದರೆ ಏನೆಂದು ಯಾವ ಹಮಾಲನಿಗೆ ಗೊತ್ತಿಲ್ಲ? ಬ್ಯಾಡಗಿಯಲ್ಲಿ ದಲಾಲನೊಬ್ಬನಿಗೆ ನಿನ್ನ ಕಾಯಿಗೆ ನೀರು ಹೊಡೆದಿದ್ದೀ ಎಂದರೆ ತೂಕದಲ್ಲಿ ಮೋಸ ಮಾಡಿದ್ದೀ ಎಂದ ಹಾಗೆ. ಪಕ್ಕದ ಅಂಗಡಿಯವ ಕೆಮ್ಮಿದ. ತೊಟ್ಟು ಬಿಡಿಸುವವರ ಕೈ ನಿಂತವು. ನನ್ನ ತಮ್ಮನ ಮುಖ ಆ ರಾಶಿಗಿಂತ ಕೆಂಪಾಯಿತು.

ನೀರು ಹೊಡೆಸಿದವನು ಅವನೇ, ನಿಜ. ಆದರೆ ತೂಕಕ್ಕಲ್ಲ. ಒಣಗಿದ ಕಾಯಿ ಮಂಕಾಗಿ, ಸುಕ್ಕಾಗಿ ಕಾಣುತ್ತದೆ, ಮುಟ್ಟಿದರೆ ಮುರಿಯುತ್ತದೆ. ಚೀಲ ತುಂಬುವಾಗ ಮುರಿಯಬಾರದೆಂದು ಸ್ವಲ್ಪ ನೀರು ಚಿಮುಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಕೊಲ್ಹಾಪುರ, ಮುಂಬೈ ಕಡೆಯ ಖರೀದಿದಾರರಿಗೂ ಮೃದುವಾಗಿ ಮಿಂಚುವ ಕಾಯಿಯೇ ಇಷ್ಟ. ಈಗ ಏಳು ಸಮುದ್ರ ದಾಟಿ ನೋಡಲು ಬರುತ್ತಿದ್ದಾಳೆ, ಮಂಕು ಕಾಯಿ ತೋರಿಸಲೇ? ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳಕ್ಕೆ ನೀರು ಹಾಕುವುದಿಲ್ಲವೇ? ಕನ್ಯೆ ನೋಡಲು ಬಂದಾಗ ಹುಡುಗಿಗೆ ಮುಖ ತೊಳೆಸಿ ಪೌಡರ್ ಹಚ್ಚಿಸುವುದಿಲ್ಲವೇ? ಹಾಗೆ ಹಿಂದಿನ ದಿನ ಸಂಜೆ ನಿಂತು ನೀರು ಹೊಡೆಸಿದ್ದ. ಕಾರ್ಯಕ್ರಮದ ಜೊತೆ ಅವಳು ಕಳಿಸಿದ್ದ, ತೇವ ಇರಬಾರದೆಂಬ ಷರತ್ತನ್ನು ನಾನೇ ಅವನಿಗೆ ಓದಿ ಹೇಳಿದ್ದೆ. ಅದು ಕಳಿಸುವ ಕಾಯಿಗೆ, ಇದು ತೋರಿಸುವ ಕಾಯಿ ಎಂಬುದು ಅವನ ತಿಳುವಳಿಕೆ. ಕಳಿಸುವ ಮುಂದೆ ಮತ್ತೆ ಒಣಗಿಸಿದರಾಯಿತು.

ಇದನ್ನು ಅಲ್ಲೇ ನಾಲ್ಕು ಮಾತಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಮ್ಮ, ಮಾತೇ ಬಂಡವಾಳವಾದ ನನ್ನ ತಮ್ಮ, ಅಂದ ಮಾತೆಂದರೆ, "ಅಕ್ಕಾ, ಮದ್ಲ ಊಟಾ ಆಗ್ಲಿ ಅಂತ ಹೇಳು."

"ನಾನೊಂದು ಪ್ರಶ್ನೆ ಕೇಳಿದೆ," ಎಂದಳು ಆಕೆ.

"ಉಂಡ ಮ್ಯಾಲ ಎಲ್ಲಾ ಮಾತಾಡೋಣು."

"ಉತ್ತರವಿಲ್ಲದಿದ್ದರೆ ನನಗೆ ಊಟವೂ ಬೇಡ." ಗಡಿಯಾರ ನೋಡಿ, "ಮುಂದಿನದು ಗುತ್ತಲ," ಎಂದು ಕಾರಿನ ಕಡೆ ನಡೆದೇಬಿಟ್ಟಳು.

ತಮ್ಮನ ಹೆಂಡತಿ ನಸುಕಿನಲ್ಲೆದ್ದು ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು ಎಲ್ಲಾ ಮಾಡಿ ಅಂಗಡಿಗೇ ತಂದು ಬಾಗಿಲಲ್ಲಿ ನಿಂತಿದ್ದಳು. ಉಣ್ಣದೆ ಹೋಗುವವಳ ಬೆನ್ನು ನೋಡಿ ಆಕೆಯ ಕಣ್ಣಲ್ಲಿ ನೀರು ಬಂತು. ತಮ್ಮ ಕಾರಿನ ತನಕವೂ ಬರಲಿಲ್ಲ, ಗುತ್ತಲಕ್ಕೂ ಬರುವುದಿಲ್ಲ ಎಂದ. ನಾನೊಬ್ಬಳೇ ಅವಳ ಪಕ್ಕ ಹತ್ತಿ ಕೂತೆ. ಮೈಯೆಲ್ಲ ಉರಿಯುತ್ತಿತ್ತು.

ಆಯುಷ್ಯಪೂರ್ತಿ ಕಲಿಸಿದ ಆ ಭಾಷೆಯಲ್ಲಿ ನಾನು ಯಾರೊಂದಿಗೂ ಜಗಳವಾಡಿರಲಿಲ್ಲ. ಅಂದು ಹಾವೇರಿ ಬರುವವರೆಗೂ ಆಡಿದೆ. ವ್ಯಾಕರಣ ಎಲ್ಲೂ ತಪ್ಪಲಿಲ್ಲ, ವಾಕ್ಯಗಳು ಉದ್ದವೂ ಆಗಲಿಲ್ಲ. ನನ್ನ ತಮ್ಮನನ್ನು ಅವನ ಹಮಾಲರ ಎದುರು ಕಳ್ಳನನ್ನಾಗಿ ಮಾಡಿದಿರಿ, ಮನೆಯ ಅನ್ನವನ್ನು ಒದ್ದು ಬಂದಿರಿ ಎಂದೆ.

ಆಕೆ ಪೂರ್ತಿ ಕೇಳಿಸಿಕೊಂಡಳು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಅಂದಳು, "ನಾನು ಅವರನ್ನು ಕಳ್ಳರೆಂದು ತಿಳಿದಿದ್ದರೆ ಒಂದು ಮಾತೂ ಆಡದೆ, ನಗುನಗುತ್ತ ಊಟ ಮಾಡಿ, ಊರಿಗೆ ಹೋಗಿ ಬೇಡವೆಂದು ಬರೆಯುತ್ತಿದ್ದೆ. ಮುಖದ ಮೇಲೆ ಕೇಳಿದ್ದು ಉತ್ತರ ಇದ್ದೀತೆಂದು. ಅವರು ಊಟದ ಮಾತು ತೆಗೆದರು. ನಮ್ಮಲ್ಲಿ ಮಾತು ಮರೆಸುವವರು ಹಾಗೆ ಮಾಡುತ್ತಾರೆ."

"ನಮ್ಮಲ್ಲಿ ಹಸಿದವರ ಎದುರು ಕಹಿ ಮಾತು ಆಡುವುದಿಲ್ಲ," ಎಂದೆ.

ಆಮೇಲೆ ಅಂಗಳಕ್ಕೆ ನೀರು ಹಾಕುವ ಕಥೆ, ಕನ್ಯೆಯ ಪೌಡರಿನ ಕಥೆ ಎಲ್ಲಾ ಹೇಳಿದೆ. "ನನಗಾಗಿ ಹೊಡೆಸಿದರೇ?" ಎಂದು ಒಮ್ಮೆ ಕೇಳಿದಳು. ಹೌದೆಂದೆ. "ಆದರೆ ತೋರಿಸುವುದನ್ನೇ ಅಲ್ಲವೇ ಕಳಿಸುವುದು?" ಎಂದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುತ್ತಾರಲ್ಲ, ಒದೆಯಲು ಎದ್ದವಳು ನಾನೇ ಆಗಿದ್ದೆನೇನೋ. ಉತ್ತರ ಹೊಳೆಯದ್ದಕ್ಕೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಗುತ್ತಲದ ಹತ್ತಿರದ ಆ ಹಳ್ಳಿಯಲ್ಲಿ ನಾವು ಹೋದದ್ದು ಒಬ್ಬ ಮುದುಕಿಯ ಮನೆಗೆ. ಮಗನ ಜೊತೆ ಸೇರಿ ಒಕ್ಕಲುತನ ಮಾಡುತ್ತಾಳೆ. ಔಷಧಿಯಿಲ್ಲದೆ ಬೆಳೆಯಲು ಮೊದಲು ಒಪ್ಪಿದವಳು ಅವಳೇ, ಅವಳನ್ನು ನೋಡಿ ಉಳಿದವರು ಒಪ್ಪಿದ್ದರು. ಒಳಗೆ ಕಾಲಿಟ್ಟರೆ ಪಡಸಾಲೆಯ ತುಂಬ ಚೀಲ, ಅಡುಗೆ ಮನೆಯ ಬಾಗಿಲ ತನಕ ಚೀಲ. ಹೊರಗಿಟ್ಟರೆ ಇಬ್ಬನಿ ತಾಗುತ್ತದೆಂದು ಕಾಯಿಯನ್ನು ಒಳಗಿಟ್ಟು, ಮನೆಯವರೆಲ್ಲ ಕಟ್ಟೆಯ ಮೇಲೆ ಮಲಗುತ್ತಿದ್ದರು.

"ನಮ್ಮ ಸಾವ್ಕಾರ್ರು ಎಲ್ರಿ ಅಕ್ಕಾರ?" ಎಂದಳು ಮುದುಕಿ, ನಮ್ಮ ಹಿಂದೆ ಇಣುಕಿ ನೋಡಿ.

"ಅಂಗಡ್ಯಾಗ ಕೆಲಸ ಭಾಳ ಇತ್ತು."

"ಆರಾಮ ಅದಾರಿಲ್ರಿ?"

"ಅದಾನ."

ಆಕೆ ನನ್ನ ಮುಖವನ್ನೇ ನೋಡಿದಳು, ನಂಬಲಿಲ್ಲ. ಹಾಲೆಂಡಿನವಳು ಚೀಲಗಳನ್ನು ಬಿಚ್ಚಿಸಿ, ಒಂದೊಂದರಲ್ಲೂ ಯಂತ್ರ ಚುಚ್ಚಿದಳು. ಕಾಯಿ ಬಾಗಿಸಿದರೆ ಪಟ್ ಎಂದು ಮುರಿಯಿತು. ಬೀಜ ಉದುರಿಸಿ, ಸಿಪ್ಪೆಯನ್ನು ಬೆರಳಿಂದ ತಿಕ್ಕಿ, ಬೆರಳಿಗೆ ಹತ್ತಿದ ಬಣ್ಣ ನೋಡಿದಳು. ಮುದುಕಿ ಶೇಂಗಾ, ಬೆಲ್ಲ ತಂದು ಮುಂದಿಟ್ಟಳು. ಬೇಡ ಎನ್ನುತ್ತಾಳೆಂದುಕೊಂಡಿದ್ದೆ, ಮುಷ್ಟಿ ತುಂಬ ತೆಗೆದುಕೊಂಡು ತಿಂದಳು. ಆಮೇಲೆ ನನಗೆ ಹೇಳಿದಳು, "ಕಾಯಿ ಬಹಳ ಚೆನ್ನಾಗಿದೆ ಎಂದು ಹೇಳಿ. ಆದರೆ ಕೊಳ್ಳುವ ನಿರ್ಧಾರ ಇನ್ನೂ ಮಾಡಿಲ್ಲ ಎಂದೂ ಹೇಳಿ."

ಎರಡನ್ನೂ ಹೇಳಿದೆ. ಎರಡನೆಯದನ್ನು ಮೆತ್ತಗೆ ಹೇಳಿದೆ.

ಮುದುಕಿಗೆ ಗಾಬರಿಯಾದಂತೆ ಕಾಣಲಿಲ್ಲ. "ಆತು ಬಿಡ್ರಿ. ಊರ ಮಂದಿ ನಕ್ರು, ನಗ್ಲಿ. ಸಾವ್ಕಾರ್ರು ಇಟಗೋ ಅಂದ್ರು, ಇಟಗೊಂಡೇನಿ. ಅವ್ರು ನೋಡ್ಕೋತಾರ," ಎಂದಳು. ಏನೆಂದಳು ಎಂದು ಹಾಲೆಂಡಿನವಳು ಕೇಳಿದಾಗ ಅದನ್ನೂ, ಬಂದ ಕೂಡಲೇ ತಮ್ಮನನ್ನು ಕೇಳಿದ್ದನ್ನೂ ಇದ್ದ ಹಾಗೆ ಹೇಳಿದೆ. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಬಂದೆ.

ಸಂಜೆ ತಮ್ಮ ರಾಣೆಬೆನ್ನೂರಿನ ನಮ್ಮ ಮನೆಗೇ ಬಂದ. ಚಪ್ಪಲಿ ಬಿಡುವ ಮೊದಲೇ, "ಏನಂದ್ಲು ಅಕಿ?" ಎಂದ. ಅವಳೊಂದಿಗೆ ಆಡಿದ ಜಗಳದ ಉಳಿದರ್ಧವನ್ನು ನಾನು ಇವನೊಂದಿಗೆ ಆಡಿದೆ.

"ನಿನಗ ಊಟದ ಚಿಂತಿ! ಹೌದು, ನಾನ ಹೊಡಿಸೇನಿ, ನಿಮಗ ಚಂದ ಕಾಣ್ಲಿ ಅಂತ ಹೊಡಿಸೇನಿ ಅನ್ನಾಕ ಏನ್ ಧಾಡಿ ಆಗಿತ್ತು?"

"ಮಂದಿ ಮುಂದ ಕಳ್ಳ ಅಂದ್ಲಲ್ಲ ಅಕ್ಕಾ."

"ಕಳ್ಳ ಅಂದಿಲ್ಲ. ಯಾರು ಅಂತ ಕೇಳಿದ್ಲು. ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ ಹೆಗಲು ಮುಟ್ಟಿ ನೋಡ್ಕೊಂಡಿ?"

ಕಾರಿನಲ್ಲಿ ಆಕೆ ಅಂದದ್ದನ್ನೆಲ್ಲ ಹೇಳಿದೆ. ಕಳ್ಳನೆಂದು ತಿಳಿದಿದ್ದರೆ ನಗುತ್ತ ಉಂಡು ಹೋಗುತ್ತಿದ್ದೆ ಎಂದ ಮಾತು ಕೇಳಿ ಅವನು ತಲೆ ಎತ್ತಿದ. "ಇದೆಂಥಾ ನಮೂನಿ ಮಂದಿ," ಎಂದ, ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಗುತ್ತಲದ ವಿಷಯ ಕೇಳಿದ. ಪಡಸಾಲೆಯ ಚೀಲಗಳು, ಕಟ್ಟೆಯ ಮೇಲೆ ಮಲಗುವುದು, ಎಲ್ಲಾ ಹೇಳಿದೆ.

"ಮುದುಕಿ ಏನಂದ್ಲು?"

"ಸಾವ್ಕಾರ್ರು ನೋಡ್ಕೋತಾರ ಅಂದ್ಲು."

ಚಹಾದ ಕಪ್ಪು ಬಾಯಿಗೆ ಒಯ್ದವನು ಕುಡಿಯದೆ ಕೆಳಗಿಟ್ಟ. ಅವನು ಚಿಕ್ಕವನಿದ್ದಾಗ ಅಪ್ಪನ ಬೈಗುಳ ತಿಂದು ಮೂಲೆಯಲ್ಲಿ ಕೂರುತ್ತಿದ್ದನಲ್ಲ, ಅದೇ ಮುಖ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಅರವತ್ತರ ಹತ್ತಿರದ ತಮ್ಮನನ್ನು ಅಪ್ಪಿಕೊಂಡು ರೂಢಿಯಿಲ್ಲ, ಇನ್ನೆರಡು ಬಿಸ್ಕತ್ತು ಅವನ ಮುಂದೆ ತಳ್ಳಿದೆ.

"ನಾಳೆ ಅಕಿ ಅಂಗಡಿಗೆ ಬರ್ತಾಳೇನು?"

ಇಷ್ಟೆಲ್ಲ ಆದ ಮೇಲೆ ಯಾರು ಬರುತ್ತಾರೆ? ನಮ್ಮವರಾಗಿದ್ದರೆ ಮುನಿಸಿಕೊಂಡು, ಮೂರನೆಯವರ ಕೈಯಲ್ಲಿ ಹೇಳಿ ಕಳಿಸಿ, ಅವರು ಸಮಾಧಾನ ಮಾಡಿ, ಹದಿನೈದು ದಿನಕ್ಕೆ ಒಂದು ದಾರಿಗೆ ಬರುತ್ತಿತ್ತು. ಆದರೂ ಲಾಡ್ಜಿಗೆ ಫೋನ್ ಮಾಡಿ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಸಮಾರೋಪ ಸಭೆ ಎಂಟೂವರೆಗೆ ಇದೆಯಲ್ಲ," ಎಂದಳು. ಜಗಳ ಜಗಳದ ಜಾಗದಲ್ಲಿ, ಸಭೆ ಸಭೆಯ ಜಾಗದಲ್ಲಿ. ಅವಳ ಆ ಕಾರ್ಯಕ್ರಮದ ಕಾಗದದ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಹುಟ್ಟಿತು.

ಮರುದಿನ ಅಂಗಡಿಗೆ ಹೋದರೆ ತಮ್ಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಪಕ್ಕದ ಅಂಗಡಿಯವ, ನಿನ್ನೆ ಗೋದಾಮಿನಲ್ಲಿ ಇದ್ದವರನ್ನೆಲ್ಲ ಕರೆಸಿ ಕೂರಿಸಿದ್ದ. ಅವಳನ್ನು ಗಾದಿಯ ಮೇಲೆ ಕೂರಿಸಿ ತಾನು ನಿಂತೇ ಇದ್ದ.

"ಅಕ್ಕಾ, ನಾ ಅಂದದ್ದನ್ನ ಅಂದಂಗ ಹೇಳು. ತಿದ್ದಬ್ಯಾಡ."

"ಹೇಳೋ."

"ಕಾಯಿಗೆ ನೀರು ಹೊಡಿಸಿದಾಂವ ನಾನು. ಹಮಾಲರದ ತಪ್ಪಿಲ್ಲ. ತೂಕಕ್ಕ ಹೊಡಿಸಿಲ್ಲ, ನಿಮಗ ಚಂದ ಕಾಣ್ಲಿ ಅಂತ ಹೊಡಿಸೇನಿ. ಹಂಗ ಮಾಡಬಾರದಿತ್ತು. ನಿನ್ನಿ ಕೇಳಿದಾಗ ಹ್ಞೂಂ ಅನ್ನಬೇಕಿತ್ತು, ಅನ್ನಲಿಲ್ಲ. ನನಗ ನಾಚಿಕಿ ಬಂತು."

ಹೇಳಿದೆ. ಅವಳು ಅವನನ್ನೇ ನೋಡುತ್ತಿದ್ದಳು. ಪಕ್ಕದ ಅಂಗಡಿಯವ ಇಂದು ಕೆಮ್ಮಲಿಲ್ಲ.

"ಇನ್ನೊಂದು," ಎಂದ ತಮ್ಮ. "ಈ ರಾಶಿ ತಗೋಬ್ಯಾಡ್ರಿ. ಗುತ್ತಲದವರ ಮನ್ಯಾಗಿನ ಕಾಯಿ ನೀವ ನೋಡೀರಿ, ಒಣಗೈತಿ, ಖರೇ ಐತಿ. ಅವರಿಂದ ನೇರ ತಗೋರಿ. ನನ್ನ ಮ್ಯಾಲ ನಂಬಿಗಿ ಇಲ್ಲಂದ್ರ ನಾ ನಡುವ ಇರೂದಿಲ್ಲ. ನನಗ ದಲಾಲೀನೂ ಬ್ಯಾಡ. ಅವರ ಕಾಯಿ ಹೋದ್ರ ಸಾಕು."

ದಲಾಲನಾದವನು ನಾನು ನಡುವೆ ಇರುವುದಿಲ್ಲ ಎನ್ನುವುದೆಂದರೇನು? ನೇರವಾಗಿ ಪರದೇಶಕ್ಕೆ ಕಳಿಸಬೇಕೆಂಬ ಆಸೆಯನ್ನು ಎಷ್ಟು ವರ್ಷ ಸಾಕಿದ್ದ! ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಆದರೂ ತಿದ್ದದೆ ಹೇಳಿದೆ.

ಹಾಲೆಂಡಿನವಳು, "ನೋ," ಎಂದಳು.

ಅದೊಂದು ಇಂಗ್ಲಿಷ್ ಅವನಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಇಲ್ಲವೆಂಬ ಮಾತು ಬಂದರೆ ಎಲ್ಲದರ ಕೊನೆಗೆ ಬರುತ್ತದೆ, ಅದು ಬಂತೆಂದರೆ ಮಾತು ಮುಗಿಯಿತು. ತಮ್ಮ ಕೈ ಜೋಡಿಸಿ, ಆಯಿತು ಎಂಬಂತೆ ತಲೆಯಾಡಿಸಿ, ಹೊರಗೆ ಹೊರಟೇಬಿಟ್ಟ. ನಾನು ಎದ್ದು ಅವನ ಅಂಗಿಯ ತೋಳು ಹಿಡಿದು ಜಗ್ಗಿದೆ.

"ನಿಂದ್ರೋ! ಅಕಿ ಮಾತು ಈಗ ಸುರು ಆಗೈತಿ."

ನನ್ನ ಓದು, ಕೆಲಸ, ಸಂಬಳ ಎಲ್ಲವೂ ಆ ಒಂದು ಗಳಿಗೆಯಲ್ಲಿ ಸಾರ್ಥಕವಾದವು ಎಂದು ಈಗಲೂ ಅನಿಸುತ್ತದೆ. ಆಕೆ ಒಂದೊಂದೇ ಮಾತಾಗಿ ಹೇಳಿದಳು, ನಾನು ಒಂದೊಂದೇ ಮಾತಾಗಿ ಕನ್ನಡಕ್ಕೆ ತಂದೆ.

"ಇಲ್ಲ. ನಿಮ್ಮನ್ನು ಬಿಟ್ಟು ನಾನು ಅವರಿಂದ ಕೊಳ್ಳುವುದಿಲ್ಲ. ಆ ಅಜ್ಜಿ ನನ್ನ ಕಂಪನಿ ಯಾವುದು, ಎಷ್ಟು ಕೊಡುತ್ತೀರಿ ಎಂದು ಕೇಳಲಿಲ್ಲ. ನೀವು ಎಲ್ಲಿ ಎಂದು ಕೇಳಿದಳು. ಆಕೆ ಕಾಯಿ ಇಟ್ಟದ್ದು ನಿಮಗಾಗಿ, ನನಗಾಗಿ ಅಲ್ಲ. ನಿಮ್ಮನ್ನು ತೆಗೆದರೆ ಮುಂದಿನ ವರ್ಷ ನನಗಾಗಿ ಯಾರು ಇಡುತ್ತಾರೆ? ಇದು ದಾಕ್ಷಿಣ್ಯವಲ್ಲ, ವ್ಯಾಪಾರ. ಗುತ್ತಲದ ಕಾಯಿ ಎಲ್ಲಾ ಬೇಕು, ನಿಮ್ಮ ಕೈಯಿಂದಲೇ ಬೇಕು. ನೀರು ಹೊಡೆದ ಈ ರಾಶಿ ಬೇಡ. ಮುಂದೆ ಒಮ್ಮೆ ನೀರು ಕಂಡರೂ ನಮ್ಮ ವ್ಯವಹಾರ ಮುಗಿಯಿತು."

ಕೊನೆಯ ಮಾತನ್ನೂ ಮೆತ್ತಗೆ ಮಾಡದೆ ಹೇಳಿದೆ. ತಮ್ಮ ಗಾದಿಯ ತುದಿಯಲ್ಲಿ ಕೂತ. ಮೊಬೈಲ್ ತೆಗೆದು ಗುತ್ತಲದ ಮುದುಕಿಗೆ ಫೋನ್ ಹಚ್ಚಿದ. ಸ್ಪೀಕರ್ ಒತ್ತಿ ಗಾದಿಯ ಮೇಲಿಟ್ಟ.

"ಸಾವ್ಕಾರ್ರ?" ಎಂದಳು ಮುದುಕಿ. "ನಿನ್ನಿ ಯಾಕ ಬರಲಿಲ್ರಿ? ಆರಾಮ ಇಲ್ಲೇನು? ಅಕ್ಕಾರ ಮಾರಿ ನೋಡಿದ್ರ ನನಗ ಜೀವದಾಗ ಜೀವ ಇರಲಿಲ್ಲ. ಜ್ವರಾ ಬಂದಿದ್ವೇನು?"

ತಮ್ಮ ಮೊಬೈಲನ್ನು ನನ್ನ ಕಡೆ ಸರಿಸಿದ.

"ಏನು ಹೇಳುತ್ತಿದ್ದಾಳೆ?" ಎಂದು ಹಾಲೆಂಡಿನವಳು ನನ್ನನ್ನು ಕೇಳಿದಳು.

"ಇವನು ಆರಾಮಾಗಿದ್ದಾನೆಯೇ ಎಂದು ಕೇಳುತ್ತಿದ್ದಾಳೆ."

"ಕಾಯಿಯ ಬಗ್ಗೆ?"

"ಇನ್ನೂ ಕೇಳಿಲ್ಲ."

ಆಕೆ ನನ್ನ ತಮ್ಮನ ಕಡೆ ತಿರುಗಿ, ತನ್ನ ಅದೇ ಕಡ್ಡಿ ಮುರಿದ ಧಾಟಿಯಲ್ಲಿ, "ಹೇಳಿ. ಊಟ ಆಮೇಲೆ. ಈಗಲೇ ಹೇಳಿ," ಎಂದಳು.

"ಯವ್ವಾ," ಎಂದ ತಮ್ಮ, "ನಿನ್ನ ಕಾಯಿ ತಗೊಂಡ್ರು. ಎಲ್ಲಾರದೂ ತಗೊಂಡ್ರು."

ಆ ಕಡೆಯಿಂದ ಮುದುಕಿ ಮಗನನ್ನು ಕೂಗಿ ಕರೆಯುವುದು ಅಂಗಡಿಗೆಲ್ಲ ಕೇಳಿಸಿತು. ನನ್ನ ತಮ್ಮ, ತನ್ನ ಹಮಾಲರ ಮುಂದೆ, ಪಕ್ಕದ ಅಂಗಡಿಯವನ ಮುಂದೆ, ಎಲ್ಲರ ಮುಂದೆ, ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.